ವಿದ್ಯುತ್ಕಾಂತ

ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಯುವಾಗ ಮಾತ್ರ ಕಾಂತತ್ವವನ್ನು ತೋರುವ ಸಾಧನವನ್ನು ವಿದ್ಯುತ್ಕಾಂತ ಎನ್ನುತ್ತಾರೆ. ಸಾಮಾನ್ಯವಾಗಿ ಮೆದು ಕಬ್ಬಿಣದ ತಿರುಳಿನ ಸುತ್ತ ಅವಾಹಕ ಹೊದಿಕೆಯುಳ್ಳ ತಾಮ್ರದ ತಂತಿಯನ್ನು ಸುತ್ತಿ ಇದನ್ನು ತಯಾರಿಸಲಾಗುತ್ತದೆ. ವಿದ್ಯುತ್ ಗಂಟೆ, ರಿಲೇ, ಗುಜರಿ ಕಬ್ಬಿಣವನ್ನು ಎತ್ತುವ ಕ್ರೇನ್ ಮೊದಲಾದವು ಈ ಗುಣವನ್ನು ಅವಲಂಬಿಸಿವೆ.

ಇತಿಹಾಸ

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಪಲ್ಲಟಗೊಳ್ಳುವುದನ್ನು ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1820ರಲ್ಲಿ ಪ್ರಕಟಿಸಿದನು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆಲಾಳದ ಆಕಾರದ ಕಬ್ಬಿಣಕ್ಕೆ ಅರಗು ಬಳಿದು, ಅದರ ಮೇಲೆ ಬರಿಯ ತಾಮ್ರದ ತಂತಿಯನ್ನು ಸುತ್ತಿದನು. ಸುಮಾರು 200 ಗ್ರಾಂ ತೂಕದ ಆ ಕಬ್ಬಿಣವು 4 ಕಿಲೋಗ್ರಾಂ ಭಾರವನ್ನು ಎತ್ತಿತು. ಆದರೆ ಬರಿಯ ತಂತಿಯ ಸುತ್ತುಗಳು ಒಂದಕ್ಕೊಂದು ತಗಲುವಂತಿರಲಿಲ್ಲ. ಅಮೆರಿಕದ ಜೋಸೆಫ್ ಹೆನ್ರಿ ರೇಷ್ಮೆ ಸುತ್ತಿದ ತಂತಿಯನ್ನು ಬಳಸಿ, ಪದರದ ಮೇಲೆ ಪದರವಾಗಿ ನೂರಾರು ಸುತ್ತುಗಳನ್ನು ಹಾಕಿದನು. 1831ರಲ್ಲಿ ಅವನು ರಚಿಸಿದ ವಿದ್ಯುತ್ಕಾಂತವು 900 ಕಿಲೋಗ್ರಾಂಗೂ ಹೆಚ್ಚು ಭಾರವನ್ನು ಹಿಡಿದಿಟ್ಟಿತು.

ಕಾಂತಕ್ಷೇತ್ರವನ್ನು ನಿರ್ಧರಿಸುವ ಅಂಶಗಳು

ಉದ್ದನೆಯ ಸುರುಳಿಯ ಒಳಗಿನ ಕ್ಷೇತ್ರವು ಪ್ರವಾಹಕ್ಕೂ ಒಂದು ಮೀಟರ್ ಉದ್ದದಲ್ಲಿರುವ ಸುತ್ತುಗಳ ಸಂಖ್ಯೆಗೂ ಅನುಪಾತದಲ್ಲಿರುತ್ತದೆ. ಮುಖ್ಯವಾದುದು ಒಟ್ಟು ಸುತ್ತುಗಳಲ್ಲ, ಅವುಗಳ ಸಾಂದ್ರತೆ. ಸುತ್ತುಗಳೊಂದಿಗೆ ಸುರುಳಿಯ ಉದ್ದವೂ ಇಮ್ಮಡಿಯಾದರೆ, ಪ್ರವಾಹ ಅಷ್ಟೇ ಇದ್ದಲ್ಲಿ ಕ್ಷೇತ್ರ ಹೆಚ್ಚುವುದಿಲ್ಲ. ಉದ್ದವನ್ನು ಬದಲಿಸದೆ ಸುತ್ತುಗಳನ್ನು ಇಮ್ಮಡಿಗೊಳಿಸಿದರೂ ವೋಲ್ಟೇಜ್ ಮೊದಲಿನಷ್ಟೇ ಇದ್ದರೆ ತಂತಿಯ ರೋಧವು ಸುಮಾರು ಇಮ್ಮಡಿಯಾಗಿ ಪ್ರವಾಹ ಅರ್ಧಕ್ಕಿಳಿಯುತ್ತದೆ. ಆಗಲೂ ಕ್ಷೇತ್ರದಲ್ಲಿ ಹೆಚ್ಚಿನ ಬದಲಾವಣೆಯಿರದು. ಶಾಲಾ ಪ್ರಯೋಗಗಳಲ್ಲಿ ಈ ಅಂಶವು ಹಲವೊಮ್ಮೆ ಗಮನಕ್ಕೆ ಬರುವುದಿಲ್ಲ.

ಮೀಟರಿಗೆ 1,000 ಸುತ್ತುಗಳುಳ್ಳ ಟೊಳ್ಳು ಸುರುಳಿಯಲ್ಲಿ 1 ಆಂಪಿಯರ್ ಹರಿದಾಗ ದೊರೆಯುವುದು ಸುಮಾರು 0.00126 ಟೆಸ್ಲಾ ಮಾತ್ರ. ಇದನ್ನು ಅನೇಕ ಪಟ್ಟು ವೃದ್ಧಿಸುವುದು ಕಬ್ಬಿಣದ ತಿರುಳು. ಕಬ್ಬಿಣದೊಳಗಿನ ಸೂಕ್ಷ್ಮ ಕಾಂತೀಯ ವಲಯಗಳು ಸಾಮಾನ್ಯವಾಗಿ ಬೇರೆಬೇರೆ ದಿಕ್ಕುಗಳಿಗೆ ಮುಖಮಾಡಿದ್ದು ಪರಸ್ಪರರ ಪರಿಣಾಮವನ್ನು ಅಳಿಸುತ್ತವೆ. ಸುರುಳಿಯ ಕ್ಷೇತ್ರವು ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಪ್ರವಾಹ ನಿಂತಾಗ ಮೆದು ಕಬ್ಬಿಣದ ವಲಯಗಳು ಬಹುಮಟ್ಟಿಗೆ ಮತ್ತೆ ಚದುರುತ್ತವೆ; ಗಡಸು ಉಕ್ಕಿನಲ್ಲಿ ಹಾಗಾಗದೆ ಕಾಂತತ್ವ ಉಳಿದುಬಿಡುವುದರಿಂದ ಅದು ತಿರುಳಿಗೆ ತಕ್ಕುದಲ್ಲ.

ತಿರುಳಿನ ಧ್ರುವಗಳಿಗೂ ಎತ್ತಬೇಕಾದ ವಸ್ತುವಿಗೂ ನಡುವೆ ತೆರಪಿದ್ದರೆ ಆಕರ್ಷಣೆ ತೀವ್ರವಾಗಿ ಕುಗ್ಗುತ್ತದೆ. ತುಕ್ಕು ಅಥವಾ ಬಣ್ಣದ ಪದರವೂ ಇಂತಹ ತೆರಪಾಗಬಲ್ಲದು.

ಮಿತಿಗಳು

ಬಹುತೇಕ ಎಲ್ಲ ವಲಯಗಳೂ ಒಂದೇ ದಿಕ್ಕಿಗೆ ಬಂದ ಬಳಿಕ ಕಬ್ಬಿಣವು ಸಂತೃಪ್ತವಾಗುತ್ತದೆ. ಸುಮಾರು 2 ಟೆಸ್ಲಾದ ಆಸುಪಾಸಿನಲ್ಲಿ ಈ ಸ್ಥಿತಿ ಉಂಟಾಗುತ್ತದೆ; ಅನಂತರ ಪ್ರವಾಹವನ್ನು ಎಷ್ಟು ಹೆಚ್ಚಿಸಿದರೂ ತಿರುಳಿನಿಂದ ಹೆಚ್ಚಿನ ನೆರವು ದೊರೆಯದು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಉಂಟಾಗುವ ಶಾಖ ಮಾತ್ರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ 3 ಟೆಸ್ಲಾ ಸಾಮರ್ಥ್ಯದ ಎಂಆರ್‌ಐ ಯಂತ್ರಗಳಲ್ಲಿ ಅತಿವಾಹಕ ತಂತಿಯ ಸುರುಳಿಗಳನ್ನು ಬಳಸುತ್ತಾರೆ. ದ್ರವ ಹೀಲಿಯಂನಿಂದ ಸುಮಾರು −269 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದ ಈ ತಂತಿಗಳಲ್ಲಿ ರೋಧವಿಲ್ಲದ ಕಾರಣ ಪ್ರವಾಹದಿಂದ ಶಾಖ ಹುಟ್ಟುವುದಿಲ್ಲ.