ಮಜ್ಜೆಯ ರೋಗಕ್ಕೆ ಹೊಸ ಮದ್ದು: ರೋಗಿ ಅರಿತಿರಬೇಕಾದುದೇನು?

ಬೆನ್ನುನೋವು ಇಲ್ಲದ ಮನೆ ದಕ್ಷಿಣ ಕನ್ನಡದಲ್ಲಿ ಯಾವುದಿದೆ? ಬಂಟ್ವಾಳದ ಅಡಿಕೆ ತೋಟದಲ್ಲಿ ಗೊಬ್ಬರದ ಬುಟ್ಟಿ ಹೊತ್ತವನಿಗೂ, ಬೆಳ್ತಂಗಡಿಯ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸಿದವಳಿಗೂ, ಮೂಡಬಿದಿರೆಯ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕುಳಿತು ಬೀಡಿ ಕಟ್ಟುವವಳಿಗೂ ಅದು ಹಳೆಯ ನೆಂಟ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಪೇಟೆಯಿಂದ ಎರಡು ನೋವಿನ ಮಾತ್ರೆ ತರಿಸಿ ನುಂಗಿದರೆ ಮುಗಿಯಿತು. ಬಹುತೇಕ ನೋವುಗಳು ಅಷ್ಟಕ್ಕೇ ಮುಗಿಯುವುದೂ ನಿಜ.

ಮುಗಿಯದ ನೋವೊಂದಿದೆ. ಅರುವತ್ತು ದಾಟಿದ ಒಬ್ಬ ಕೃಷಿಕರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಎರಡು ತಿಂಗಳಿನಿಂದ ಬೆನ್ನಿನ ನಡುವೆ ನೋವು, ಮಲಗಿದರೂ ಬಿಡದು. ನಿತ್ಯ ಹತ್ತುತ್ತಿದ್ದ ತೋಟದ ದಾರಿಯಲ್ಲಿ ಈಗ ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಳ್ಳಬೇಕು. ಮುಖ ಬಿಳಿಚಿದೆ, ಬಾಯಾರಿಕೆ, ಮಲಬದ್ಧತೆ, ಮೇಲಿಂದ ಮೇಲೆ ಜ್ವರ. ತಾಲ್ಲೂಕಿನ ವೈದ್ಯರು ರಕ್ತ ಪರೀಕ್ಷಿಸಿ, ಕಣ ಕಡಿಮೆಯಾಗಿರುವುದನ್ನೂ ಮೂತ್ರಪಿಂಡ ಸೋತಿರುವುದನ್ನೂ ಕಂಡು, ಮಂಗಳೂರಿನ ರಕ್ತರೋಗ ತಜ್ಞರಲ್ಲಿಗೆ ಕಳುಹಿಸುತ್ತಾರೆ. ಅಲ್ಲಿ ಕೇಳುವ ಹೆಸರು ಮಲ್ಟಿಪಲ್ ಮೈಲೋಮಾ. ಅದರ ಬೆನ್ನಿಗೇ ಎರಡು ಮಾತುಗಳು: “ಇದು ಬುಡಸಹಿತ ಹೋಗುವ ಕಾಯಿಲೆಯಲ್ಲ. ಆದರೆ ಒಳ್ಳೆಯ ಚಿಕಿತ್ಸೆ ಇದೆ.”

ಮನೆಗೆ ಮರಳುವ ಬಸ್ಸಿನಲ್ಲಿ ಈ ಎರಡು ಮಾತುಗಳು ಒಂದಕ್ಕೊಂದು ಹೊಂದದೆ ರೋಗಿಯನ್ನು ಕಾಡುತ್ತವೆ. ಹೋಗದ ಕಾಯಿಲೆಗೆ ಚಿಕಿತ್ಸೆ ಏಕೆ? ಗದ್ದೆ ಮಾರಿ ಹಣ ಸುರಿಯುವುದರಲ್ಲಿ ಅರ್ಥವೇನು? ಇದಕ್ಕೆ ಉತ್ತರ ತಿಳಿಯದೆ ಚಿಕಿತ್ಸೆಯನ್ನೇ ತೊರೆಯುವವರಿದ್ದಾರೆ. ನಡುವೆ ನಿಲ್ಲಿಸುವವರೂ ಇದ್ದಾರೆ. ಉತ್ತರ ಅರಿತವರು ವರ್ಷಗಟ್ಟಲೆ ತೋಟದ ಕೆಲಸ ನೋಡಿಕೊಂಡು ಬದುಕಿರುವುದೂ ಉಂಟು.

ಗದ್ದೆಯೊಳಗಿನ ಕಳೆ

ಮೂಳೆಯ ಒಳಗಿನ ಮೃದುವಾದ ಮಜ್ಜೆಯು ರಕ್ತ ಹುಟ್ಟುವ ಗದ್ದೆ. ಅಲ್ಲಿ ವಾಸಿಸುವ ಪ್ಲಾಸ್ಮಾ ಕಣಗಳು ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಯಾವುದೋ ಒಂದು ಕಣ ಕೆಟ್ಟು, ತನ್ನಂತಹುದೇ ಲಕ್ಷೋಪಲಕ್ಷ ಕಣಗಳನ್ನು ಹುಟ್ಟಿಸುತ್ತ ಹೋಗುವುದೇ ಮೈಲೋಮಾ. ಕಳೆ ಹೆಚ್ಚಿದಂತೆ ಪೈರಿಗೆ ಎಡೆಯಿಲ್ಲ; ಆದುದರಿಂದ ರಕ್ತಹೀನತೆ. ಕೆಟ್ಟ ಕಣಗಳು ಮೂಳೆಯನ್ನು ಸವೆಸುತ್ತವೆ. ಆದುದರಿಂದ ನೋವು, ಸಣ್ಣ ಪೆಟ್ಟಿಗೇ ಮುರಿತ. ಕರಗಿದ ಮೂಳೆಯ ಸುಣ್ಣಾಂಶ ರಕ್ತಕ್ಕೆ ಸೇರಿ ಬಾಯಾರಿಕೆ, ಮಂಕು, ಮಲಬದ್ಧತೆ ಉಂಟಾಗುತ್ತವೆ. ಆ ಕಣಗಳು ಸುರಿಸುವ ಒಂದೇ ಬಗೆಯ ನಿರುಪಯುಕ್ತ ಪ್ರೋಟೀನು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಇದು ಅಂಟುರೋಗವಲ್ಲ, ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡಬೇಕಾಗಿಲ್ಲ.

ಬೆನ್ನುನೋವಿಗೆಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಈ ರೋಗಿಗೆ ವಿಷಸಮಾನ. ಮೊದಲೇ ದಣಿದಿರುವ ಮೂತ್ರಪಿಂಡವನ್ನು ಅವು ಪೂರ್ಣವಾಗಿ ಕೆಡಿಸಬಲ್ಲವು. ರೋಗ ಪತ್ತೆಯಾಗುವ ಮೊದಲಿನ ಎರಡು ತಿಂಗಳಲ್ಲಿ ಅಂಗಡಿಯ ಮಾತ್ರೆಯು ರೋಗ ಮಾಡುವ ಹಾನಿಯನ್ನು ಇನ್ನಷ್ಟು ಹೆಚ್ಚಿಸಬಲ್ಲದು.

ಶಾಪವಾಗಿದ್ದ ಮದ್ದು

ಈ ರೋಗದ ಚರಿತ್ರೆ ಲಂಡನ್ನಿನಲ್ಲಿ 1845ರಲ್ಲಿ ಆರಂಭವಾಗುತ್ತದೆಂದರೆ ತಪ್ಪಲ್ಲ. ಎದೆ ಬೆನ್ನುಗಳ ನೋವಿನಿಂದ ನರಳುತ್ತಿದ್ದ ಒಬ್ಬ ವ್ಯಾಪಾರಿಯ ಮೂತ್ರದಲ್ಲಿ ಕಟ್ಟುತ್ತಿದ್ದ ಗಸಿಯು ಕಾಯಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಕಟ್ಟುತ್ತಿತ್ತು. ಅದನ್ನು ಪರೀಕ್ಷಿಸಿದ ಹೆನ್ರಿ ಬೆನ್ಸ್ ಜೋನ್ಸ್ ಅವರ ಹೆಸರು ಆ ಪ್ರೋಟೀನಿಗೆ ಇಂದಿಗೂ ಅಂಟಿಕೊಂಡಿದೆ. ರೋಗಿ 1846ರ ಹೊಸವರ್ಷದ ದಿನವೇ ತೀರಿಕೊಂಡರು. ಅಂದು ಮದ್ದೆಂಬುದೇ ಇರಲಿಲ್ಲ.

1947ರಲ್ಲಿ ಯುರೆಥೇನ್ ಎಂಬುದು ಬಂದಿತು. ಒಬ್ಬಿಬ್ಬರಿಗೆ ಗುಣ ಕಂಡಿತೆಂಬ ಮಾತಿನ ಮೇಲೆ ಸುಮಾರು ಎರಡು ದಶಕ ಅದನ್ನು ಕೊಡಲಾಯಿತು. 1966ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಅದನ್ನೂ ಕೆಲವರಿಗೆ ರುಚಿಯ ಪಾನಕವನ್ನೂ ಕೊಟ್ಟು ನೋಡಿದಾಗ, ಪಾನಕ ಕುಡಿದವರೇ ಹೆಚ್ಚು ಕಾಲ ಬದುಕಿದ್ದರು! “ಇಂಥವರಿಗೆ ಇದರಿಂದ ವಾಸಿಯಾಯಿತಂತೆ” ಎಂಬ ಮಾತಿಗೆ ಮರುಳಾಗಿ ಬೇರು ನಾರುಗಳ ಹಿಂದೆ ಓಡುವವರು ಈ ಕಥೆಯನ್ನು ನೆನಪಿನಲ್ಲಿಡಬೇಕು. ಅಂದು ಮೋಸಹೋದವರು ವೈದ್ಯರೇ. ಮೋಸವನ್ನು ಹೊರಗೆಡಹಿದ್ದು ಹೋಲಿಸಿ ನೋಡುವ ಪರೀಕ್ಷೆ.

1958ರಲ್ಲಿ ಬೆಳಕಿಗೆ ಬಂದ ಮೆಲ್ಫಲಾನ್ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧಿ. ಅನಂತರದ ದೊಡ್ಡ ತಿರುವು ಬಂದುದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರಾಟಕ್ಕೆ ಬಂದ ಥಾಲಿಡೋಮೈಡ್, ಗರ್ಭಿಣಿಯರು ಸೇವಿಸಿದುದರಿಂದ ಸಾವಿರಾರು ಶಿಶುಗಳು ಕೈಕಾಲುಗಳಿಲ್ಲದೆ ಹುಟ್ಟಿ, 1961ರಲ್ಲಿ ಅಂಗಡಿಗಳಿಂದ ಕಣ್ಮರೆಯಾಗಿತ್ತು. ಅದೇ ಶಾಪಗ್ರಸ್ತ ಮದ್ದನ್ನು ಅಮೆರಿಕದ ಅರ್ಕನ್ಸಾದಲ್ಲಿ, ಬೇರೆಲ್ಲ ಚಿಕಿತ್ಸೆ ಸೋತ 84 ಮೈಲೋಮಾ ರೋಗಿಗಳಿಗೆ ಕೊಟ್ಟು ನೋಡಲಾಯಿತು. 27 ಮಂದಿಯಲ್ಲಿ ರೋಗದ ಪ್ರೋಟೀನು ಕಾಲುಭಾಗದಷ್ಟಾದರೂ ಇಳಿಯಿತು. ಎಂಟು ಮಂದಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಇಳಿಯಿತು. 1999ರಲ್ಲಿ ಪ್ರಕಟವಾದ ಆ ವರದಿಯ ಮೊದಲ ಹೆಸರು ಸೀಮಾ ಸಿಂಘಾಲ್ ಎಂಬ ವೈದ್ಯೆಯದು. ಗರ್ಭಿಣಿಯರ ಬಳಿ ಸುಳಿಯಕೂಡದೆಂಬ ಕಟ್ಟುನಿಟ್ಟು ಆ ಮದ್ದಿಗೂ ಅದರ ಮಕ್ಕಳಿಗೂ ಇಂದಿಗೂ ಇದೆ.

ಕೊಳೆರೋಗದ ಪಾಠ

ಈಗ ಆ ಬಸ್ಸಿನ ಪ್ರಶ್ನೆಗೆ ಬರಬಹುದು. ಅಡಿಕೆ ಬೆಳೆಗಾರರಿಗೆ ಉತ್ತರ ಅವರ ತೋಟದಲ್ಲೇ ಇದೆ. ಕೊಳೆರೋಗವನ್ನು ಒಮ್ಮೆಗೇ ನಿರ್ಮೂಲ ಮಾಡಿದವರು ಯಾರಿದ್ದಾರೆ? ಮಳೆಗೆ ಮುನ್ನ ಮೈಲುತುತ್ತು ಸುಣ್ಣ ಬೆರೆಸಿ ಮದ್ದು ಬಿಡುತ್ತಾರೆ. ನಲವತ್ತು ದಿನ ಕಳೆದು ಮತ್ತೊಮ್ಮೆ ಬಿಡುತ್ತಾರೆ. ಮರುವರ್ಷ ಪುನಃ ಆರಂಭ. ರೋಗ ಹೋಗಲಿಲ್ಲವೆಂದು ಯಾರೂ ತೋಟ ಕಡಿಯುವುದಿಲ್ಲ. ಕಾಯಿ ಉದುರಲಿಲ್ಲವೆಂದು ಮದ್ದನ್ನೂ ಬಿಟ್ಟುಬಿಡುವುದಿಲ್ಲ. ಮೈಲೋಮಾದ ಚಿಕಿತ್ಸೆಯೂ ಹೆಚ್ಚುಕಡಿಮೆ ಹೀಗೆಯೇ. ರೋಗವನ್ನು ಅಡಗಿಸುವುದು, ಅಡಗಿದ್ದನ್ನು ಅಡಗಿಯೇ ಇರುವಂತೆ ಕಾಯುವುದು, ಮರಳಿ ತಲೆಯೆತ್ತಿದರೆ ಬೇರೆ ಮದ್ದಿನಿಂದ ಪುನಃ ಅಡಗಿಸುವುದು. ನೋವು ನಿಂತಿತೆಂದು ಮಾತ್ರೆ ನಿಲ್ಲಿಸುವುದು ಆಷಾಢದಲ್ಲಿ ಎರಡನೆಯ ಸಿಂಪಡಣೆ ಮರೆತಂತೆ.

ಮೊದಲ ಹಂತದಲ್ಲಿ ಸಾಮಾನ್ಯವಾಗಿ ಮೂರು ಮದ್ದುಗಳ ಕೂಟ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೋರ್ಟೆಜೋಮಿಬ್ ಚರ್ಮದಡಿಯ ಚುಚ್ಚುಮದ್ದು. ಅಂಗಳದ ನೀರು ಹರಿಯುವ ತೋಡನ್ನು ಕಟ್ಟಿದರೆ ಮನೆ ಮುಳುಗುವಂತೆ, ಕೆಟ್ಟ ಕಣದೊಳಗಿನ ಕಸ ಹೊರಹೋಗುವ ದಾರಿಯನ್ನು ಇದು ಕಟ್ಟುತ್ತದೆ. ಕಣ ತನ್ನ ಕಸದಲ್ಲೇ ಮುಳುಗಿ ಸಾಯುತ್ತದೆ. ಥಾಲಿಡೋಮೈಡಿನ ವಂಶದ ಲೆನಾಲಿಡೋಮೈಡ್, 2006ರಿಂದ ಈ ರೋಗಕ್ಕೆ ಬಳಕೆಯಲ್ಲಿರುವ ಗುಳಿಗೆ. ಸಾಮಾನ್ಯವಾಗಿ 21 ದಿನ ತೆಗೆದುಕೊಂಡು 7 ದಿನ ಬಿಡುವುದು. ಮೂರನೆಯದು ಡೆಕ್ಸಾಮೆಥಾಸೋನ್ ಎಂಬ ಹಳೆಯ ಸ್ಟೀರಾಯ್ಡ್. ಈ ಮೂರನ್ನೂ ಭಾರತೀಯ ಕಂಪೆನಿಗಳೇ ತಯಾರಿಸುತ್ತಿರುವುದರಿಂದ ಇಲ್ಲಿಯ ಬೆಲೆ ಪರದೇಶದ ಬೆಲೆಯ ಸಣ್ಣ ಪಾಲು ಮಾತ್ರ.

ಕಸಿಯೆಂದರೆ ಕತ್ತರಿಯಲ್ಲ

ಎರಡನೆಯ ಹಂತ ಅಸ್ಥಿಮಜ್ಜೆಯ ಕಸಿ. ಹೆಸರು ಕೇಳಿದೊಡನೆ ಮನೆಯವರು ದಾನಿಯನ್ನು ಹುಡುಕತೊಡಗುತ್ತಾರೆ. ದಾನಿಯೂ ಬೇಡ, ಶಸ್ತ್ರಕ್ರಿಯೆಯೂ ಇಲ್ಲ. ರೋಗಿಯದೇ ಮೂಲಕಣಗಳನ್ನು ರಕ್ತದಿಂದ ಯಂತ್ರದ ಮೂಲಕ ಸೋಸಿ ತೆಗೆದಿಡುತ್ತಾರೆ. ಬೀಜದ ಭತ್ತವನ್ನು ಮುಡಿ ಕಟ್ಟಿ ಕಾದಿರಿಸಿದಂತೆ. ಬಳಿಕ ಅದೇ ಹಳೆಯ ಮೆಲ್ಫಲಾನನ್ನು ಬಲವಾದ ಪ್ರಮಾಣದಲ್ಲಿ ಕೊಟ್ಟು ಕಳೆಯನ್ನು ಸುಡುತ್ತಾರೆ. ಪೈರೂ ಸುಡುತ್ತದೆ. ಆಗ ಕಾದಿಟ್ಟ ಬೀಜವನ್ನು ರಕ್ತನಾಳದ ಮೂಲಕ ಹಿಂದಿರುಗಿಸಿದರೆ, ಸುಮಾರು ಎರಡು ವಾರಗಳಲ್ಲಿ ಹೊಸ ರಕ್ತ ಚಿಗುರುತ್ತದೆ. ಆ ದಿನಗಳು ಕಠಿನ: ಕೂದಲು ಉದುರುವುದು, ಬಾಯಿ ಹುಣ್ಣು, ಸೋಂಕಿನ ಭಯ. 1996ರಲ್ಲಿ ಫ್ರಾನ್ಸಿನಿಂದ ಬಂದ ವರದಿಯು ಈ ಮಾರ್ಗ ಅಂದಿನ ಸಾಮಾನ್ಯ ಚಿಕಿತ್ಸೆಗಿಂತ ಮೇಲೆಂದು ತೋರಿಸಿತು. ವಯಸ್ಸೊಂದೇ ಅಲ್ಲ, ದೇಹದ ಒಟ್ಟು ಶಕ್ತಿಯನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಕಸಿ ಸಾಧ್ಯವಿಲ್ಲದವರಿಗೂ ಮದ್ದುಗಳ ದಾರಿ ತೆರೆದೇ ಇದೆ.

2001ರ ‘ಯುವರಾಜ’ ಚಿತ್ರದಲ್ಲಿ ಶಿವರಾಜಕುಮಾರರೊಡನೆ ನಟಿಸಿದ ಲೀಸಾ ರೇ ಅವರನ್ನು ಕನ್ನಡ ಪ್ರೇಕ್ಷಕರು ಬಲ್ಲರು. 2009ರಲ್ಲಿ, ಇನ್ನೂ 37ರ ಪ್ರಾಯದಲ್ಲಿ, ಅವರಿಗೆ ಈ ರೋಗ ತಗಲಿತು. ಅವರು ಮೂಲಕಣಗಳ ಕಸಿ ಮಾಡಿಸಿಕೊಂಡು, ರೋಗವನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿ, 2019ರಲ್ಲಿ ತಮ್ಮ ಆತ್ಮಕಥೆಯನ್ನೂ ಪ್ರಕಟಿಸಿದರು. ಎಲ್ಲರ ಹಾದಿಯೂ ಹೀಗೆ ಸುಗಮವಾಗದು. ಬಿಹಾರದ ಪ್ರಖ್ಯಾತ ಜಾನಪದ ಗಾಯಕಿ ಶಾರದಾ ಸಿನ್ಹಾ 2024ರ ನವೆಂಬರಿನಲ್ಲಿ ಇದೇ ರೋಗದಿಂದ ಬಳಲುತ್ತಲೇ ಅಗಲಿದರು.

ಹೊಸದರಲ್ಲಿ ಹೊಸದು

2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ದಾರಾಟುಮುಮಾಬ್ ಒಂದು ಪ್ರತಿಕಾಯ. ಕೆಟ್ಟ ಕಣದ ಮೈಮೇಲಿನ ಗುರುತನ್ನು ಹಿಡಿದು, ದೇಹದ ರಕ್ಷಣಾ ಪಡೆಗೆ ಶತ್ರುವನ್ನು ತೋರಿಸಿಕೊಡುತ್ತದೆ. ಅನೇಕ ಕಡೆ ಇದು ಮೂರರ ಕೂಟಕ್ಕೆ ನಾಲ್ಕನೆಯದಾಗಿ ಸೇರಿದೆ. ಇದನ್ನು ಪಡೆದವರ ರಕ್ತವನ್ನು ದಾನಿಯ ರಕ್ತದೊಡನೆ ಹೊಂದಿಸಿ ನೋಡುವಾಗ ಪರೀಕ್ಷೆ ಗೊಂದಲಗೊಳ್ಳುತ್ತದೆ. ಆದುದರಿಂದ ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಬೇಕು.

ಅದಕ್ಕೂ ಈಚಿನದು ಕಾರ್-ಟಿ ಚಿಕಿತ್ಸೆ. ರೋಗಿಯದೇ ಟಿ-ಕಣಗಳನ್ನು ಹೊರತೆಗೆದು, ಮೈಲೋಮಾದ ಗುರುತನ್ನು ಹಿಡಿಯುವ ವಿದ್ಯೆಯನ್ನು ಅವುಗಳಿಗೆ ಪ್ರಯೋಗಾಲಯದಲ್ಲಿ ಕಲಿಸಿ, ಮರಳಿ ದೇಹಕ್ಕೆ ಬಿಡುವುದು. ಅಮೆರಿಕದಲ್ಲಿ 2021 ಮತ್ತು 2022ರಲ್ಲಿ ಇಂಥ ಎರಡಕ್ಕೆ ಅನುಮತಿ ದೊರೆಯಿತು. ಮೊದಲನೆಯದರ ಬೆಲೆಯೇ 4 ಲಕ್ಷ ಡಾಲರಿಗೂ ಮಿಕ್ಕಿತ್ತು. ಒಂದು ಕೈಯಲ್ಲಿ ಕೆಟ್ಟ ಕಣವನ್ನೂ ಇನ್ನೊಂದರಲ್ಲಿ ಟಿ-ಕಣವನ್ನೂ ಹಿಡಿದು ಮುಖಾಮುಖಿ ಮಾಡುವ ಟೆಕ್ಲಿಸ್ಟಮಾಬ್ ಎಂಬ ಚುಚ್ಚುಮದ್ದಿಗೆ 2022ರಲ್ಲಿ ಅನುಮತಿಯಾಯಿತು. ಇವು ಹಲವು ಚಿಕಿತ್ಸೆ ಸೋತವರಲ್ಲೂ ಫಲ ಕೊಟ್ಟಿವೆ. ಆದರೆ ತೀವ್ರ ಜ್ವರ, ರಕ್ತದ ಒತ್ತಡದ ಕುಸಿತ, ಸೋಂಕು ಮುಂತಾದ ಅಪಾಯಗಳೂ ಜೊತೆಗಿವೆ. 2023ರ ಅಕ್ಟೋಬರಿನಲ್ಲಿ ಭಾರತದ ಸ್ವಂತ ಕಾರ್-ಟಿಗೆ ಅನುಮತಿ ಸಿಕ್ಕ ಸುದ್ದಿ ಎಲ್ಲರೂ ಓದಿದ್ದೇ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಆ ಸಾಧನೆ ದೊಡ್ಡದು. ಆದರೆ ಅದು ಬೇರೆ ಬಗೆಯ ರಕ್ತದ ಅರ್ಬುದಗಳಿಗೆ, ಮೈಲೋಮಾಕ್ಕಲ್ಲ. ಹೊಸ ಮದ್ದಿನ ಸುದ್ದಿ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, “ಇದು ನನ್ನ ರೋಗಕ್ಕೆ ಹೌದೇ?”

ರೋಗಿಯ ಕೈಯಲ್ಲಿರುವುದು

ಪ್ರತಿ ವರದಿಯಿಂದ ನಾಲ್ಕು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಜಾಣತನ: ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಎಂ-ಪ್ರೋಟೀನು. ಒಂದು ದಿನದ ಅಂಕಿಗಿಂತ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಮುಖ್ಯ. ಬೋರ್ಟೆಜೋಮಿಬಿನಿಂದ ಅಂಗಾಲು ಜೋಮುಗಟ್ಟಿ ಉರಿದರೆ ಸಹಿಸಿ ಕೂರದೆ ಹೇಳಬೇಕು. ಪ್ರಮಾಣ ತಗ್ಗಿಸಿದರೆ ನರ ಉಳಿಯುತ್ತದೆ. ಲೆನಾಲಿಡೋಮೈಡಿನಿಂದ ರಕ್ತ ಹೆಪ್ಪುಗಟ್ಟಬಹುದು; ಒಂದೇ ಕಾಲು ಊದಿಕೊಂಡರೆ ಉದಾಸೀನ ಸಲ್ಲದು. ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಮೂಳೆ ಬಲಪಡಿಸುವ ಜೋಲೆಡ್ರೋನಿಕ್ ಚುಚ್ಚುಮದ್ದಿಗೆ ಮೊದಲು ಹಲ್ಲಿನ ವೈದ್ಯರನ್ನು ಕಾಣಲೇಬೇಕು. ಎಲೆಯಡಿಕೆಯಿಂದ ಹಲ್ಲು ಸಡಿಲಾದವರಿಗೆ ದವಡೆಯ ಮೂಳೆ ಕೊಳೆಯುವ ಭಯವಿದೆ. ಕಷಾಯ, ಪುಡಿ ಏನನ್ನೇ ಸೇವಿಸಿದರೂ ವೈದ್ಯರಿಂದ ಮರೆಮಾಚಬಾರದು.

ಬಂಟ್ವಾಳದಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರು, ಮೂಡಬಿದಿರೆಯಿಂದ 35, ಬೆಳ್ತಂಗಡಿಯಿಂದ 60. ಜ್ವರ 100.4 ಡಿಗ್ರಿ ದಾಟಿದರೆ, ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಮಳೆ ನಿಲ್ಲಲಿ, ಬೆಳಗಾಗಲಿ ಎಂದು ಕಾಯುವಂತಿಲ್ಲ. ಬೆನ್ನುಹುರಿ ಒತ್ತಿಹೋದರೆ ಕೆಲವೇ ತಾಸುಗಳಲ್ಲಿ ಕಾಲು ಶಾಶ್ವತವಾಗಿ ಹೋಗಬಹುದು. ರಾತ್ರಿ ಯಾರ ಜೀಪು ಸಿಗುವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಹಣದ ಮಾತು ಆಡದಿದ್ದರೆ ಉಳಿದ ಮಾತೆಲ್ಲ ವ್ಯರ್ಥ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಉಳಿದವರಿಗೆ ನಿಗದಿಯಾದ ವೆಚ್ಚದ ನೂರಕ್ಕೆ 30 ಪಾಲು. ಯಾವ ಮದ್ದು ಇದರಲ್ಲಿ ಸೇರಿದೆ, ಯಾವುದು ಇಲ್ಲ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಬೇಕು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಎಲ್ಲಕ್ಕಿಂತ ದುಬಾರಿಯಾದುದೇ ಎಲ್ಲಕ್ಕಿಂತ ಒಳ್ಳೆಯದೆಂಬ ಭ್ರಮೆ ಬೇಡ. ಒಂದು ತಿಂಗಳು ಕೊಂಡು ಕೈಬಿಡುವ ಹೊಸ ಮದ್ದಿಗಿಂತ ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬಲ್ಲ ಹಳೆಯ ಮೂರರ ಕೂಟ ಮೇಲು. “ಡಾಕ್ಟ್ರೇ, ಗದ್ದೆ ಮಾರದೆ ನಡೆಸಿಕೊಂಡು ಹೋಗುವ ದಾರಿ ಯಾವುದು?” ಎಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಒಳ್ಳೆಯ ವೈದ್ಯರು ಆ ಪ್ರಶ್ನೆಯನ್ನು ನಿರೀಕ್ಷಿಸಿಯೇ ಇರುತ್ತಾರೆ.

ಇಷ್ಟನ್ನು ತಿಳಿದ ರೋಗಿಗೆ ಬಸ್ಸಿನ ಆ ಎರಡು ಮಾತುಗಳು ಪರಸ್ಪರ ವಿರುದ್ಧವಾಗಿ ಕಾಣುವುದಿಲ್ಲ. ಕಾಯಿಲೆ ಬುಡಸಹಿತ ಹೋಗದಿರಬಹುದು. ಮುಂದಿನ ಮಳೆಗಾಲಕ್ಕೆ ತೋಟಕ್ಕೆ ಮದ್ದು ಬಿಡಿಸಲು ಅವರು ಅಂಗಳದಲ್ಲಿ ನಿಂತಿರಬಹುದು. ಅದರ ಮುಂದಿನದಕ್ಕೂ ನಿಂತಿರಬಹುದು. ಚಿಕಿತ್ಸೆ ಇರುವುದು ಆ ಮಳೆಗಾಲಗಳಿಗಾಗಿ.