ಸರ್ವರಿಗೂ ಹೊಸ ಲೆಕ್ಕದ ಪುಸ್ತಕ



ಕಳೆದ ತಿಂಗಳ ಗೋಷ್ಠಿಯಲ್ಲಿ ಹಿರಿಯರೊಬ್ಬರು ಆಡಿದ ಮಾತಿನ ಧ್ವನಿಮುದ್ರಣವನ್ನು ನಮ್ಮ ವೆಬ್‌ಸೈಟಿಗೆ ಏರಿಸಹೋದಾಗ ಅದು ಅರ್ಧಕ್ಕೇ ನಿಂತಿತು. ಫೋನಿನಲ್ಲಿದ್ದ ಪ್ರತಿಯನ್ನು ಅಳಿಸಿರಲಿಲ್ಲವಾದ್ದರಿಂದ ಬಚಾವಾದೆವು. ಡಿಸ್ಕ್ ತುಂಬಿಸಿದ್ದು ಕವಿತೆಯಲ್ಲ, ಭಾಷಣವಲ್ಲ, ಲಾಗ್ ಫೈಲು!

ಯಾರು ಬಂದರು, ಯಾವ ಪುಟ ಕೇಳಿದರು ಎಂದು ಅಪಾಚೆ ಸರ್ವರ್ ಪ್ರತಿ ಸಲವೂ ಒಂದು ಸಾಲು ಬರೆದಿಡುತ್ತದೆ. ನಮ್ಮೂರ ಅಂಗಡಿಯವರು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಂತೆ ಇದಕ್ಕೂ ಆಗಾಗ ಹೊಸ ಪುಸ್ತಕ ಬೇಕು. ಲಿನಕ್ಸಿನಲ್ಲಿ ಅದು ‘ಲಾಗ್‌ರೊಟೇಟ್’ನ ಕೆಲಸ, ನಮ್ಮಲ್ಲಿ ‘ಕ್ರಾನ್’ ಅದನ್ನು ದಿನಕ್ಕೊಮ್ಮೆ ಎಬ್ಬಿಸುತ್ತದೆ. ಡೆಬಿಯನ್ ಪ್ಯಾಕೇಜಿನಿಂದ ಅಪಾಚೆ ಹಾಕಿಕೊಂಡರೆ ಈ ಏರ್ಪಾಡು ಜೊತೆಗೇ ಬರುತ್ತದೆ. ನಾವು ಸೋರ್ಸ್‌ನಿಂದ ಕಟ್ಟಿಕೊಂಡು ಇದನ್ನು ಮರೆತಿದ್ದೆವು.

ಈಗ ಬರೆದಿಟ್ಟ ನಿಯಮಗಳು ಮೂರು. ‘ವೀಕ್ಲಿ’: ವಾರಕ್ಕೊಮ್ಮೆ ಬದಲಿಸು. ‘ರೊಟೇಟ್ 4’: ಹಳೆಯವುಗಳಲ್ಲಿ ನಾಲ್ಕನ್ನು ಮಾತ್ರ ಉಳಿಸು. ‘ಕಂಪ್ರೆಸ್’: ಅವನ್ನು ಕುಗ್ಗಿಸಿಡು.

ಇಷ್ಟೇ ಸಾಲದು. ಹೆಸರು ಬದಲಾದರೂ ಅಪಾಚೆ ತಾನು ತೆರೆದಿಟ್ಟ ಹಳೆಯ ಫೈಲಿನಲ್ಲೇ ಬರೆಯುತ್ತಿರುತ್ತದೆ. ಅದನ್ನು ಅಳಿಸಿದರೂ, ಅಪಾಚೆ ಕೈಬಿಡುವವರೆಗೆ ಜಾಗ ಮರಳುವುದಿಲ್ಲ. ಗಾಬರಿಯಲ್ಲಿ ನಾವು ಮಾಡಿದ್ದು ಇದೇ ತಪ್ಪು! ಹಾಗಾಗಿ ‘ಪೋಸ್ಟ್‌ರೊಟೇಟ್’ ಭಾಗದಲ್ಲಿ ಅಪಾಚೆಗೆ ‘ಗ್ರೇಸ್‌ಫುಲ್’ ಆಜ್ಞೆ ಕೊಡಬೇಕು. ಆಗ ಅದು ಓದುತ್ತಿರುವವರಿಗೆ ಅಡ್ಡಿಯಾಗದಂತೆ ಹೊಸ ಫೈಲು ತೆರೆಯುತ್ತದೆ. ಮೊದಲು ಲಾಗ್‌ರೊಟೇಟನ್ನು ‘-ಡಿ’ ಸೇರಿಸಿ ಓಡಿಸಿ. ಏನನ್ನೂ ಮುಟ್ಟದೆ, ಏನು ಮಾಡಲಿದೆ ಎಂದಷ್ಟೇ ಹೇಳುತ್ತದೆ.

ಧ್ವನಿಮುದ್ರಣ ಈಗ ಪೂರ್ತಿ ಏರಿದೆ. ಬಿಡುವಾದಾಗ ಕೇಳಿ. ನೀವು ಕೇಳಿದ್ದಕ್ಕೂ ಅಲ್ಲಿ ಒಂದು ಸಾಲು ಬೀಳುತ್ತದೆ; ಇನ್ನು ಜಾಗದ ಚಿಂತೆಯಿಲ್ಲ.