ಕೊಲೆಸ್ಟರಾಲ್: ವಂಶದಿಂದಲೂ ಬರುತ್ತದೆ



ಕೊಲೆಸ್ಟರಾಲ್ ಹೆಚ್ಚಾದರೆ ಹಾಲು, ತುಪ್ಪವನ್ನೇ ದೂರುವುದು ವಾಡಿಕೆ. ಆದರೆ ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಬರುತ್ತದೆ. ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲನ್ನು ಪಿತ್ತಜನಕಾಂಗವು ರಕ್ತದಿಂದ ಹೀರಿ ತೆಗೆಯಬೇಕು. ಈ ಕೆಲಸದ ವಂಶವಾಹಿಯಲ್ಲಿ ದೋಷವಿದ್ದರೆ ಅದು ರಕ್ತನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮಗುವಿಗೆ ಈ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಒಂದು ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ. 50. ಚಿಕಿತ್ಸೆಯಿಲ್ಲದಿದ್ದರೆ ಅಂಥವರಿಗೆ ನಡುವಯಸ್ಸಿಗೇ ಹೃದಯಾಘಾತವಾಗಬಹುದು. ಇಬ್ಬರಿಗೂ ಇದ್ದರೆ ಎರಡು ದೋಷಗಳೂ ಒಂದೇ ಮಗುವಿನಲ್ಲಿ ಕೂಡುವ ಸಂಭವ ಶೇ. 25. ಅಂಥ ಮಗುವಿನ ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳು ಏಳಬಹುದು. ಬಾಲ್ಯದಲ್ಲೇ ಹೃದಯಾಘಾತವೂ ಆಗಬಹುದು. ಸೋದರಮಾವ, ಅತ್ತೆಯ ಮಕ್ಕಳೊಡನೆ ಮದುವೆಯಾದಲ್ಲಿ ಈ ಸಂಭವ ಹೆಚ್ಚು. ಒಂದು ಹೋರಿಯ ವೀರ್ಯವನ್ನು ಅದಕ್ಕೇ ಹುಟ್ಟಿದ ಕಡಸಿಗೆ ಕೊಡಿಸಬಾರದೆನ್ನುವುದೂ ಇಂಥ ಕಾರಣಕ್ಕೇ.

ಮನೆಯಲ್ಲಿ ಯಾರಿಗಾದರೂ 55 ವರ್ಷದೊಳಗೆ ಹೃದಯಾಘಾತವಾಗಿದ್ದರೆ ಮಕ್ಕಳೂ ಸೇರಿ ರಕ್ತಸಂಬಂಧಿಗಳೆಲ್ಲರೂ ರಕ್ತಪರೀಕ್ಷೆ ಮಾಡಿಸಿರಿ. ವಯಸ್ಕರಲ್ಲಿ 100 ಮಿ.ಲೀ. ರಕ್ತಕ್ಕೆ ಎಲ್.ಡಿ.ಎಲ್. 190 ಮಿ.ಗ್ರಾಂ. ದಾಟಿದ್ದರೆ ಈ ದೋಷವನ್ನು ಶಂಕಿಸಬೇಕು. ಇವರಿಗೆ ತುಪ್ಪ, ಕೆನೆ ಮಿತಗೊಳಿಸುವುದು ಅಗತ್ಯ. ಆದರೆ ಪಥ್ಯವೊಂದೇ ಸಾಲದು. ವೈದ್ಯರು ಹೇಳಿದ ಮಾತ್ರೆಯನ್ನು ನಿತ್ಯವೂ ತಪ್ಪದೆ ತೆಗೆದುಕೊಳ್ಳಬೇಕು.